ಪರದೆ ನೋಡಿ ಮಗು ಕೊಡಬೇಡಿ

ಶಿಶುವಿಹಾರದ ಮೇಡಂ ಅವರಿಗೆ ನಮಸ್ಕಾರ.

ಗುಬ್ಬಿಯ ಕೆಮ್ಮು ಇಳಿದಿದೆ, ಬಿಸಿನೀರು ಸಾಕು. ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಮಕ್ಕಳನ್ನು ಯಾರ ಕೈಗೆ ಕೊಡಬಹುದೆಂಬ ಪಟ್ಟಿಯನ್ನು ಫೋಟೋ ಸಮೇತ ನೀವು ಕಂಪ್ಯೂಟರಿನಲ್ಲಿ ಇಟ್ಟಿರುವುದು ಉಚಿತವಾಗಿ ಸಿಗುವ ಒಂದು ಡೇಟಾಬೇಸ್‌ನಲ್ಲಿ. ಪಾಸ್‌ವರ್ಡ್ ಇಲ್ಲದೆಯೂ ಹೊರಗಿನವರು ಅದರೊಳಗೆ ನುಗ್ಗಿ ಫೋಟೋ ಬದಲಿಸಬಹುದಂತೆ. ನಮ್ಮ ಆಫೀಸಿನಲ್ಲೂ ಅದೇ ಇತ್ತು, ಮೊನ್ನೆಯೇ ಹೊಸ ಆವೃತ್ತಿ ಹಾಕಿ ಸರಿಪಡಿಸಿದೆವು. ದೋಷವಿದೆಯೆಂದು ಅದನ್ನು ಮಾಡಿದವರೇ ಊರಿಗೆಲ್ಲ ಸಾರಿದ್ದಾರೆ. ಕಳ್ಳರ ಕಿವಿಗೂ ಬಿದ್ದಿರುತ್ತದೆ. ಆ ಕಂಪ್ಯೂಟರ್ ನೋಡಿಕೊಳ್ಳುವ ನಿಮ್ಮ ಮಗನಿಗೆ ಹೇಳಿದರೆ, "ಅಕ್ಕಾ, ಚೆನ್ನಾಗಿ ಓಡ್ತಿರೋದನ್ನ ಯಾಕೆ ಕೆಣಕ್ತೀರಿ? ನಿಮಗೆ ನಿದ್ದೆ ಕಮ್ಮಿಯಾಗಿದೆ" ಎಂದು ನಕ್ಕ. ಕಮ್ಮಿಯಾಗಿರುವುದು ನಿಜ.

ನಿನ್ನೆ ನನ್ನ ನಾದಿನಿ ಬಂದಾಗ ಗುಬ್ಬಿ ಗುರುತು ಸಿಗದೆ ಒಂದೇ ಸಮನೆ ಅತ್ತಳಂತೆ. ಆಯಾ ಮಾತ್ರ, "ಫೋಟೋ ಇದೆಯಲ್ಲಮ್ಮ, ಕರ್ಕೊಂಡು ಹೋಗಿ" ಎಂದು ಕೊಟ್ಟುಬಿಟ್ಟರಂತೆ. ಬಂದವಳು ನಾದಿನಿಯೇ, ಸರಿ. ಆದರೆ ಯಾರೋ ಆ ಫೋಟೋ ಬದಲಿಸಿ ತಾವೇ ಬಂದಿದ್ದರೆ?

ಹೊಸ ಆವೃತ್ತಿ ಹಾಕುವವರೆಗೆ ಪರದೆ ನಂಬಬೇಡಿ. ಯಾರೇ ಬಂದರೂ ನನಗೊಂದು ಫೋನ್ ಮಾಡಿ. ನಂಬರನ್ನೂ ಅದರಲ್ಲಿ ನೋಡಬೇಡಿ, ಈ ಕಾಗದದ ಹಿಂದೆ ಬರೆದಿದ್ದೇನೆ. ಗುಬ್ಬಿ ಕೈ ಚಾಚಿದವರಿಗೆ ಮಾತ್ರ ಅವಳನ್ನು ಕೊಡಿ.

ಸಂಜೆ ನಾನೇ ಬರುತ್ತೇನೆ. ನಿದ್ದೆಗೆಟ್ಟ ಈ ಮುಖ ಕಂಡು ಅವಳು ಕೈ ಚಾಚದಿದ್ದರೆ ನನಗೂ ಕೊಡಬೇಡಿ. ಗುರುತು ಹಿಡಿಯುವವರೆಗೆ ಬಾಗಿಲಲ್ಲೇ ಕಾಯುತ್ತೇನೆ.

ಇಂತಿ,
ಗುಬ್ಬಿಯ ಅಮ್ಮ