ಗಡಿಯಾರಕ್ಕೆ ಹಾಕಿದ ಎರಡು ಸೆಲ್

ತಾರೀಕು ಹದಿನೆಂಟು, ಗುರುವಾರ

ಚಿರಂಜೀವಿ ಮೊಮ್ಮಗಳಿಗೆ,

ಏನೇ, ಕೈ ಬಿದ್ದುಹೋಗಿದೆಯೇ ನಿನಗೆ? ಫೋನ್ ಎತ್ತುವುದಿಲ್ಲ, ಎತ್ತಿದರೆ "ಕೆಲಸದಲ್ಲಿದ್ದೀನಿ ಅಜ್ಜಿ" ಅಂತ ಇಟ್ಟುಬಿಡುತ್ತೀಯ. ಯಾವ ಕೆಲಸ? ನಿನ್ನ ಗಂಡ ಎಲ್ಲ ಹೇಳಿದ್ದಾನೆ. ಮೂರು ವಾರದಿಂದ ಒಂದು ಲಿಫ್ಟನ್ನೂ ಪರೀಕ್ಷೆ ಮಾಡಿಲ್ಲವಂತೆ, ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದೀಯಂತೆ. ಗೋಡೆಯ ಮೇಲೇನು ಸಿನಿಮಾ ಬಿಡುತ್ತಾರೆಯೇ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದು ಫೋನಿನ ಹಾಗಲ್ಲ, ಪೂರ್ತಿ ಹೇಳಿಯೇ ಬಿಡುತ್ತದೆ. ನಾನೂ ತಡಮಾಡಿದೆ, ಅದು ನನ್ನ ತಪ್ಪು. ನಾಲ್ಕು ಸಲ ಬರೆದು ಹರಿದು ಹಾಕಿದೆ. ನಾಲ್ಕನೇ ಕ್ಲಾಸಿನ ಅಕ್ಷರ, ಕೋಳಿ ಕೆದಕಿದ ಹಾಗಿದೆ. ಆದರೂ ಗಂಡನ ಕೈಲಿ ಓದಿಸಬೇಡ. ನೀನೇ ಓದು.

ಇಲ್ಲಿ ಚಿಕ್ಕಜ್ಜಿ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ನಡೆಯುವಾಗ ಗೋಡೆ ಹಿಡಿಯುತ್ತಾಳೆ. ನಲವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಅಂಗಿಗೆ ಕಾಜ ಹಾಕಿದ ಕೈ ಅದು, ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದಳು. ಮೊನ್ನೆ ಸೂಜಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಎಲ್ಲಿಂದ ಶುರು ಮಾಡೋದು ಅಕ್ಕ?" ಅಂದಳು. ನಾನು ಎದ್ದು ಹಿತ್ತಿಲಿಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ರಜೆಗೆ ಅಂತ ಬಾಡಿಗೆಗೆ ಹಿಡಿದ ಆ ಕೆರೆಯಂಚಿನ ಮನೆ ನೆನಪಿದೆಯಲ್ಲ? ಚೀಲ ಬಿಚ್ಚುವ ಮೊದಲೇ ನೀನು ಸೋಪಿನ ಪೆಟ್ಟಿಗೆಯಷ್ಟು ಬಿಳಿ ಡಬ್ಬಿಯೊಂದನ್ನು ನಮ್ಮ ಮಲಗುವ ಕೋಣೆಯ ಗೂಡಿನಲ್ಲಿಟ್ಟೆ.

"ಇದೇನೇ, ಇಲಿಗೆ ಇಡೋದಾ?" ಅಂದೆ.

"ವಿಷಗಾಳಿ ಇದ್ರೆ ಕಿರುಚುತ್ತೆ ಅಜ್ಜಿ. ಕಾರ್ಬನ್ ಮೊನಾಕ್ಸೈಡ್ ಅಂತ. ಗ್ಯಾಸ್ ಗೀಸರ್ ಸರಿಯಾಗಿ ಉರೀದಿದ್ರೆ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋಯುತ್ತೆ, ನಿದ್ದೆ ಬಂದ ಹಾಗಾಗುತ್ತೆ, ಆಮೇಲೆ ಏಳೋದೇ ಇಲ್ಲ. ಬೇರೆಯವರ ಮನೆ, ಅವರ ಗೀಸರ್ ಕತೆ ನಮಗೇನ್ ಗೊತ್ತು?"

"ಮೂವತ್ತು ವರ್ಷ ಹಾಸ್ಟೆಲಿನಲ್ಲಿ ಇನ್ನೂರು ಜನಕ್ಕೆ ಬೇಯಿಸಿ ಹಾಕಿದೋಳು ನಾನು. ಗ್ಯಾಸು ಸೋರಿದ್ರೆ ಮೂರನೇ ಮಹಡೀಲಿದ್ರೂ ಗೊತ್ತಾಗ್ತಿತ್ತು. ನನ್ನ ಮೂಗಿಗಿಂತ ದೊಡ್ಡದಾ ಇದು?"

"ನಿನ್ನ ಮೂಗು ದೊಡ್ಡದೇ ಅಜ್ಜಿ, ಎಲ್ಲರ ಮನೆ ವಿಷಯಕ್ಕೂ ಬರುತ್ತೆ. ಆದ್ರೆ ಇದು ಅದಕ್ಕೆ ಸಿಗಲ್ಲ."

ಚಿಕ್ಕಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ಬೆಳಿಗ್ಗೆ ನೀನು, ನಿನ್ನ ಗಂಡ, ಮಗು ಮೂವರೂ ಕಾರು ಹತ್ತಿ ದೋಣಿಯಲ್ಲಿ ಸುತ್ತಲು ಹೋದಿರಿ. ಆ ಮನೆಯ ಅಡುಗೆಕೋಣೆಯ ಗಡಿಯಾರ ನಿಂತುಹೋಗಿತ್ತು. ಹಾಸ್ಟೆಲಿನಲ್ಲಿ ಗಡಿಯಾರ ನೋಡಿ ಒಲೆ ಹಚ್ಚಿ, ಗಡಿಯಾರ ನೋಡಿ ಇಳಿಸಿದವಳು ನಾನು. ಅದು ಓಡದಿದ್ದರೆ ನನಗೆ ಕೈಯೇ ಓಡುವುದಿಲ್ಲ. ಮನೆಯೆಲ್ಲ ತಡಕಿದರೂ ಸೆಲ್ ಸಿಗಲಿಲ್ಲ. ನಿನ್ನ ಡಬ್ಬಿ ಬಿಚ್ಚಿದೆ. ಒಳಗೆ ಎರಡು ಸೆಲ್ ಇದ್ದವು. ಗಡಿಯಾರಕ್ಕೂ ಎರಡೇ ಬೇಕಿತ್ತು, ತೆಗೆದು ಹಾಕಿದೆ. ನೀವು ಬರುವಷ್ಟರಲ್ಲಿ ತಿರುಗಿ ಹಾಕಿದರಾಯಿತು ಅಂದುಕೊಂಡೆ. ಚಳಿ ಅಂತ ಕಿಟಕಿಗಳನ್ನೆಲ್ಲ ಬಿಗಿ ಮಾಡಿದವಳೂ ನಾನೇ. ಚಿಕ್ಕಜ್ಜಿ "ತಲೆ ಯಾಕೋ ಭಾರ, ಬಿಸಿನೀರು ಹಾಕ್ಕೋತೀನಿ" ಅಂತ ಬಚ್ಚಲಿಗೆ ಹೋದಳು. ನಾನು ಹಿತ್ತಿಲಿನಲ್ಲಿ ಬಟ್ಟೆ ಹರವುತ್ತಿದ್ದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೀನು, ಇದು ಯಾಕೆ ಕಿರುಚಲಿಲ್ಲ ಅಂತ, ಜೊತೆಗೆ ತಂದಿದ್ದ ಆ ಡಬ್ಬಿ ಬಿಚ್ಚಿದೆ. ಒಂದು ಸೆಲ್ ತಿರುಗಾಮುರುಗಾ ಇತ್ತು. "ನಾನೇ ಉಲ್ಟಾ ಹಾಕಿದ್ದೀನಿ ಅಜ್ಜಿ. ಮಗು ಅಳ್ತಿತ್ತು, ಗುಂಡಿ ಒತ್ತಿ ನೋಡಲೇ ಇಲ್ಲ. ಒಂದು ಸೆಲ್ ನೆಟ್ಟಗೆ ಹಾಕೋಕೆ ಬರದೋಳು, ಈ ಲಿಫ್ಟಲ್ಲಿ ಜನ ಹೋಗಬಹುದು ಅಂತ ಹೇಗೆ ಸಹಿ ಹಾಕ್ಲಿ?" ಅಂತ ಅತ್ತೆ. ನಾನು ನಿನ್ನ ತಲೆ ಸವರಿ, "ಹೋಗ್ಲಿ ಬಿಡು, ಯಾರಿಗಾದ್ರೂ ಆಗುತ್ತೆ" ಅಂದೆ. ಕ್ಷಮಿಸಿದವಳ ಹಾಗೆ! ಈ ನಾಲಗೆಗೆ ಬರೆ ಹಾಕಬೇಕು.

ನೀನು ನೆಟ್ಟಗೇ ಹಾಕಿದ್ದೆ ಮಗಳೇ. ಬಂದ ದಿನ ಹಸಿರು ದೀಪ ಮಿಣುಕುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಉಲ್ಟಾ ಹಾಕಿದವಳು ನಾನು. ನೀವೆಲ್ಲ ಅವಳನ್ನು ಅಂಗಳಕ್ಕೆ ಎತ್ತಿಕೊಂಡು ಹೋದ ಗಲಾಟೆಯಲ್ಲಿ ಗಡಿಯಾರದಿಂದ ತೆಗೆದು ಡಬ್ಬಿಗೆ ಹಾಕಿದೆ, ಅವಸರದಲ್ಲಿ ಹಿಂದುಮುಂದಾಯಿತು. ಈ ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತೀಯಂತೆ. ಕೊಟ್ಟರೆ ನೋಡು. ಎದ್ದು ತಲೆ ಬಾಚಿಕೊಂಡು ಕೆಲಸಕ್ಕೆ ಹೋಗು. ರಜೆಗೆ ಯಾರ ಮನೆಗೆ ಹೋದರೂ ಆ ಡಬ್ಬಿ ಜೊತೆಗಿರಲಿ, ನನ್ನಂಥ ಮುದುಕಿಯ ಕೈಗೆ ಎಟುಕದ ಹಾಗೆ ಇಡು.

ಮಗುವಿಗೆ ಮುತ್ತು. ನಿನ್ನ ಗಂಡನಿಗೆ ಆಶೀರ್ವಾದ, ಪಾಪ ಒಳ್ಳೆಯವನು, ಸ್ವಲ್ಪ ಪೆದ್ದ. ನೀನು ನೂರು ವರ್ಷ ತಣ್ಣಗಿರು.

ನಿನ್ನ ಅಜ್ಜಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು.

ಮೇಲೆ ಸುಳ್ಳು ಬರೆದಿದ್ದೇನೆ. ಐದನೇ ಸಲವೂ ಸುಳ್ಳೇ ಬಂತು. ಗಲಾಟೆಯಲ್ಲಿ ಹಾಕಿದ್ದಲ್ಲ. ಬಚ್ಚಲ ಬಾಗಿಲು ತಳ್ಳಿದಾಗ ಅವಳು ಗೋಡೆಗೆ ಒರಗಿ ಕುಸಿದಿದ್ದಳು, ನಲ್ಲಿ ಸುರಿಯುತ್ತಿತ್ತು. ವಾಸನೆ ಏನೂ ಇರಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು. ಅಷ್ಟರಲ್ಲಿ ಗೇಟಿನಲ್ಲಿ ನಿಮ್ಮ ಕಾರು ನಿಂತ ಸದ್ದು. ಒಂದು ಕೂಗು ಹಾಕಿದ್ದರೆ ನಿನ್ನ ಗಂಡ ಓಡಿಬಂದು ಎತ್ತುತ್ತಿದ್ದ. ನಾನು ಕೂಗಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಗಡಿಯಾರದ ಹತ್ತಿರ ಹೋದೆ. ಒಂದು ಸೆಲ್ ಕೈಜಾರಿ ಕಪಾಟಿನಡಿಗೆ ಉರುಳಿತು. ಮಂಡಿಯೂರಿ ಹುಡುಕಿದೆ. ಡಬ್ಬಿ ಮುಚ್ಚಿ ಗೂಡಿನಲ್ಲಿಟ್ಟ ಮೇಲೆ ಕೂಗಿದೆ. "ಸ್ವಲ್ಪ ಮುಂಚೆ ಹೊರಗೆ ತಂದಿದ್ರೆ ಇಷ್ಟು ಆಗ್ತಿರಲಿಲ್ಲ" ಅಂತ ಡಾಕ್ಟರು ಅಂದದ್ದು ನಾನು ಕಳೆದ ಆ ಹೊತ್ತಿನ ಬಗ್ಗೆಯೇ.

ಇದನ್ನು ಇವತ್ತು ಬೆಳಿಗ್ಗೆ ಅವಳಿಗೂ ಹೇಳಿದೆ. ಕತೆ ಕೇಳಿದ ಹಾಗೆ ಕೇಳಿಸಿಕೊಂಡು, "ಪಾಪ, ಆ ಹೆಂಗಸು ಉಳಕೊಂಡ್ಲಾ?" ಅಂದಳು.

ಬರುವ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ. ಬೈದಾದರೂ ಬರೆ.