ಬೆಟ್ಟದ ಗೇಟಿನಲ್ಲಿ ಕಂಡಕ್ಟ್ರಮ್ಮನ ಮುಖ

ಸ್ಟುಡಿಯೋ
ಡಿಸೆಂಬರ್ ೮, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ತಡವಾದದ್ದಕ್ಕೆ ಒಂದು ಒಳ್ಳೆಯ ನೆಪ ಹುಡುಕುತ್ತಿದ್ದೆ, ಸಿಗಲಿಲ್ಲ. ಸಿಕ್ಕಿದ್ದರೆ ಇನ್ನೂ ಬೇಗ ಬರೆಯುತ್ತಿದ್ದೆ. ಈ ಕಾಲದಲ್ಲೂ ಕಾಗದವಾ ಎಂದು ನಿನ್ನ ಭಾವ ನಗುತ್ತಾರೆ. ಏನು ಮಾಡಲಿ, ಫೋನಿನಲ್ಲಿ ಮುಖ ತೋರಿಸೇ ಅಂದರೆ ನೀನು ಸೀಲಿಂಗ್ ಫ್ಯಾನ್ ತೋರಿಸುತ್ತೀಯ. ನಿನ್ನ ಫ್ಯಾನಿನ ರೆಕ್ಕೆಗಳು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಒಂದರ ಮೇಲೆ ತುಂಬ ಧೂಳು ಕೂತಿದೆ, ಒರೆಸು.

"ನಮ್ಮ ಬೆಟ್ಟ ಹೇಗಿದೆ?" ಎಂದು ಕೇಳಿದ್ದೀಯ. ಬೆಟ್ಟ ಆರೋಗ್ಯವಾಗಿದೆ. ಹತ್ತುವಾಗ ನನ್ನ ಮಂಡಿ ಕಟಕಟ ಅನ್ನುತ್ತದೆ, ಅದು ಬೆಟ್ಟದ ತಪ್ಪಲ್ಲ. ಇಪ್ಪತ್ತೆರಡನೇ ತಾರೀಖು ಬೆಟ್ಟದ ಗೇಟಿನಲ್ಲಿ ನಾನು ತೆಗೆದ ಫೋಟೋಗಳ ಪ್ರದರ್ಶನ ಶುರುವಾಗುತ್ತದೆ. ನೀನು ಬರಬೇಕು. "ಆಗಲ್ಲಕ್ಕ" ಅನ್ನುವ ಮೊದಲು ಪೂರ್ತಿ ಓದು, ಆಮೇಲೆ ಬೈ.

ಮೊದಲು ರೇಂಜರ್ ಸಾಹೇಬರ ವಿಷಯ. ಅವರು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳಲು ಬಂದವರು, ಸ್ಟೂಲಿನ ಮೇಲೆ ಕೂತು ಗೇಟಿನ ಬೋರ್ಡಿನ ಕಥೆ ತೆಗೆದರು. ನಿನಗೂ ಗೊತ್ತಲ್ಲ ಆ ಬೋರ್ಡು. ಉಬ್ಬಿದ ಮೀನಖಂಡ, ದುಬಾರಿ ಚೀಲ, ಹಲ್ಲಿನ ಡಾಕ್ಟರ ಜಾಹೀರಾತಿನಂಥ ನಗು. ಅದರ ಚಿತ್ರದಲ್ಲಿರುವ ಒಬ್ಬರೂ ಈ ಬೆಟ್ಟ ಹತ್ತಿದವರಲ್ಲ, ಯಾವುದೋ ಕ್ಯಾಲೆಂಡರಿನಿಂದ ಇಳಿದವರು. "ಅದನ್ನ ನೋಡಿ, ಇದು ನಮ್ಮಂಥವರಿಗಲ್ಲ ಅಂತ ಗೇಟಿಂದಲೇ ವಾಪಸ್ ಹೋಗೋರನ್ನ ದಿನಾ ನೋಡ್ತೀನಿ ಮೇಡಂ. ನಿಜವಾಗಿ ಬರೋರ ಮುಖ ಹಾಕೋಣ" ಅಂದರು. ನಾನು ಒಪ್ಪಿಕೊಂಡೆ. ಅವರ ಫೋಟೋದಲ್ಲಿ ಬಾಯಿ ತೆರೆದೇ ಇತ್ತು, ಇನ್ನೊಮ್ಮೆ ತೆಗೆದೆ.

ಹಾಗೆ ಪ್ರತಿ ಭಾನುವಾರ ಬೆಟ್ಟಕ್ಕೆ ಬರುವ ಒಂದು ನಡಿಗೆ ಗುಂಪಿನ ಹಿಂದೆ ಬಿದ್ದೆ. ಪುಟ್ಟಿ, ಸ್ಟುಡಿಯೋ ಕೋಣೆಯಲ್ಲಿ "ಗಲ್ಲ ಮೇಲೆ, ಭುಜ ಕೆಳಗೆ, ಉಸಿರಾಡಬೇಡಿ" ಎಂದು ಜನರನ್ನು ಹೆದರಿಸಿದ್ದೇ ನನ್ನ ಇಷ್ಟು ದಿನದ ಕಲೆ. ಹೊರಗೆ ಹಾಗೆ ಹೇಳುವ ಅಗತ್ಯವೇ ಇಲ್ಲ. ಬೇಕರಿಯ ದಪ್ಪ ಅಕ್ಕ ಬಂಡೆಯ ಮೇಲೆ ಕಾಲು ಚಾಚಿ ಕೂತರೆ ಬಂಡೆ ಅವರ ಸ್ವಂತದ್ದು ಅನ್ನಿಸುತ್ತದೆ. ಕಿವಿ ಕೇಳದ ಗಂಡಹೆಂಡತಿ ಇದ್ದಾರೆ, ತುತ್ತತುದಿಯಲ್ಲಿ ನಿಂತು ಎರಡೂ ಕೈ ಎತ್ತಿ ಜಗಳವಾಡುತ್ತಿದ್ದರು, ಹಿಂದೆ ಬರೀ ಆಕಾಶ. ನಾನು ತೆಗೆದದ್ದರಲ್ಲೆಲ್ಲ ಅದೇ ಮೇಲು. ಜಗಳ ಯಾವುದರ ಬಗ್ಗೆ ಎಂದು ವಿಚಾರಿಸಿದೆ. ನೀರಿನ ಬಾಟಲಿ ಮರೆತವರು ಯಾರು ಎಂಬುದರ ಬಗ್ಗೆಯಂತೆ.

ಗೇಟಿಗೆ ಒಂದು ಸಾಲು ಬರೆದುಕೊಡಿ ಅಂದರು ರೇಂಜರ್. ಪದವಿಯಲ್ಲಿ ಓದಿದ್ದೆಲ್ಲ ಮರೆತು ನನ್ನಲ್ಲಿ ಪ್ರಾಸ ಒಂದೇ ಉಳಿದಿದೆ, ಗೊತ್ತಲ್ಲ. ತಕ್ಷಣ ಕೊಟ್ಟೆ: "ಬೆಟ್ಟ ಯಾರ ಸೊತ್ತು? ಹತ್ತಿದವರಿಗೆ ಗೊತ್ತು." ಎಲ್ಲರೂ ತಲೆದೂಗಿದರು, ಗಾಲಿಕುರ್ಚಿಯ ಟೈಲರಣ್ಣನನ್ನು ಬಿಟ್ಟು. ಕೆರೆಯ ಸುತ್ತಿನ ಸಮದಾರಿಯಲ್ಲಿ ನಮ್ಮೆಲ್ಲರಿಗಿಂತ ಮುಂದೆ ಹೋಗುವ ಆಸಾಮಿ ಅವರು. "ಹತ್ತಿದವರಿಗೆ ಗೊತ್ತು ಅಂದ್ರೆ ನಾನೇನು ಕೆಳಗೆ ಕೂತು ಗುಂಡಿ ಹೊಲೀಲಾ?" ಎಂದು ಕೇಳಿದರು. ಅಲ್ಲೇ ತಿದ್ದಿದೆ: "ಬಂದವರಿಗೆ ಗೊತ್ತು." ಪ್ರಾಸಕ್ಕೂ ಪೆಟ್ಟಾಗಲಿಲ್ಲ, ಟೈಲರಣ್ಣನಿಗೂ ಆಗಲಿಲ್ಲ.

ಈಗ ಗುಂಪಿನ ನಾಯಕಿ. ಸಿಟಿ ಬಸ್ಸಿನ ಕಂಡಕ್ಟರ್, ನಮಗೆಲ್ಲ ಕಂಡಕ್ಟ್ರಮ್ಮ. ರಜೆಯ ದಿನವೂ ಕೊರಳಲ್ಲಿ ಸೀಟಿ. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಕಾಡುದಾರಿಯಲ್ಲೂ "ಮುಂದೆ ಹೋಗಿ, ಮುಂದೆ ಜಾಗ ಇದೆ" ಅನ್ನುತ್ತಾರೆ. ಅವರ ಮುಖ, ಕತ್ತು, ಮುಂಗೈ ತುಂಬ ಬಿಳಿ ಮಚ್ಚೆ. ನಿನ್ನ ಹಾಗೆ. ಬಾಗಿಲಲ್ಲೇ ದೊಡ್ಡದಾಗಿ ಹಾಕಲು ಅವರ ಫೋಟೋ ಕೇಳಿದಾಗ, "ಹಾಕಿ. ಆದ್ರೆ ನಾನಿರೋ ಹಾಗೇ ಹಾಕಿ" ಎಂಬುದಷ್ಟೇ ಅವರ ಷರತ್ತು. ಬೆಳಗಿನ ಓರೆ ಬಿಸಿಲಲ್ಲಿ ತೆಗೆದೆ. ಆ ಮುಖದಲ್ಲಿ ಬಿಸಿಲು ಎಲ್ಲಿ ಮುಗಿಯಿತು, ಮಚ್ಚೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಅಷ್ಟು ಚೆನ್ನಾಗಿ ಬಂತು, ನನ್ನನ್ನು ನಾನೇ ಹೊಗಳಿಕೊಂಡೆ.

ಪ್ರಿಂಟಿನ ಕೆಲಸ ನಿನ್ನ ಭಾವನದು. "ಇದನ್ನ ಮುಟ್ಟಬೇಡಿ" ಅಂದಿದ್ದೆ. ಅವರೂ ಹೂಂ ಅಂದಿದ್ದರು. ಆದರೆ ಅವರು ಅಪ್ಪನ ಕೈಯಲ್ಲಿ ಪಳಗಿದವರು. ಬಂದ ಮುಖವನ್ನು ಮೊದಲು ಒರೆಸು, ಆಮೇಲೆ ನೋಡು; ನಮ್ಮ ಸ್ಟುಡಿಯೋ ಇಷ್ಟು ವರ್ಷ ನಡೆದದ್ದೇ ಹಾಗೆ.

ಹೋದ ಭಾನುವಾರ ಗೇಟಿನಲ್ಲಿ ಆಳೆತ್ತರದ ಚೌಕಟ್ಟು ನಿಲ್ಲಿಸಿ, ಸುತ್ತಿದ ಕಾಗದ ಬಿಚ್ಚಿದರು. ಒಂದೇ ಒಂದು ಮಚ್ಚೆ ಇಲ್ಲ. ನುಣ್ಣಗೆ, ಈಗಷ್ಟೇ ಬಣ್ಣ ಬಳಿದ ಗೋಡೆಯ ಹಾಗೆ.

ಕಂಡಕ್ಟ್ರಮ್ಮ ಕತ್ತೆತ್ತಿ ನೋಡಿದರು. "ಯಾರಿವರು?"

ಹತ್ತಿರ ಹೋಗಿ ಚೌಕಟ್ಟಿನ ಕೆಳತುದಿಯವರೆಗೂ ಕಣ್ಣಾಡಿಸಿದರು.

"ನನ್ನ ಸೀಟಿ ಹಾಕ್ಕೊಂಡಿದ್ದಾರೆ. ಶೂನೂ ನಂದೇ. ಲಕ್ಷಣವಾಗಿದ್ದಾರೆ ಬಿಡಿ. ಯಾವತ್ತು ಬಂದಿದ್ರು ಇವರು? ನಾನಂತೂ ಹತ್ತಿಸ್ಕೊಂಡಿಲ್ಲ."

ಎಲ್ಲರೂ ನಕ್ಕರು. ನಿನ್ನ ಭಾವನ ಮುಖ ಒಣಗಿತು. "ನಾನು ಮುಟ್ಟಲಿಲ್ಲ, ಸ್ವಲ್ಪ ಕ್ಲೀನ್ ಮಾಡ್ದೆ ಅಷ್ಟೇ. ತಪ್ಪಾಯ್ತು ಕಂಡಕ್ಟ್ರಮ್ಮ, ಕೈ ತಾನಾಗೇ ಹೋಯ್ತು."

"ಕೈ ತಾನಾಗೇ ಹೋಗೋರನ್ನ ನಾನು ಮುಂದಿನ ಸ್ಟಾಪಲ್ಲಿ ಇಳಿಸ್ತೀನಿ" ಅಂದರು ಕಂಡಕ್ಟ್ರಮ್ಮ. ಆಮೇಲೆ ದನಿ ತಗ್ಗಿಸಿದರು. "ಚಿಲ್ಲರೆ ಕೊಟ್ರೆ ನನ್ನ ಬೆರಳು ತಾಗದ ಹಾಗೆ ತಗೊಳ್ಳೋ ಜನ ಇದ್ದಾರೆ. ಅದು ಅವರ ಕಷ್ಟ, ನಂದಲ್ಲ. ನನ್ನಂಥ ಇನ್ನೊಬ್ಬಳು ಇದನ್ನ ನೋಡಿ ಗೇಟಿನ ಒಳಗೆ ಕಾಲಿಡ್ಲಿ ಅಂತ ಒಪ್ಪಿದ್ದೆ. ಇವಳನ್ನ ನೋಡಿ ಯಾರು ಬರ್ತಾರೆ? ಇಳಿಸಿ."

ಸೀಟಿ ಒಂದು ಸಲ ಊದಿದರು. ಇಳಿಸಿದೆವು.

ಕ್ಯಾಮೆರಾದಲ್ಲಿ ಮೂಲ ಹಾಗೇ ಇತ್ತು, ಪುಣ್ಯ. ನಿನ್ನ ಭಾವ ಊಟಕ್ಕೂ ಏಳದೆ ಹೊಸ ಪ್ರಿಂಟ್ ಮಾಡಿದರು. ನಾನು ಹಿಂದೆಯೇ ಸ್ಟೂಲ್ ಹಾಕಿಕೊಂಡು ಅವರ ಕೈ ಕಾದೆ. ಇವತ್ತು ಬೆಳಿಗ್ಗೆ ಅದನ್ನು ನಿಲ್ಲಿಸಿದೆವು. ಕಂಡಕ್ಟ್ರಮ್ಮ ಸೊಂಟದ ಮೇಲೆ ಕೈಯಿಟ್ಟು ತುಂಬ ಹೊತ್ತು ನೋಡಿ, "ಹೂಂ, ಇವಳು ಗೊತ್ತು ನಂಗೆ" ಎಂದು ಎರಡು ಸಲ ಊದಿದರು. ಗುಂಪು ಹೊರಟಿತು. ಟೈಲರಣ್ಣ ಎಂದಿನಂತೆ ಎಲ್ಲರಿಗಿಂತ ಮುಂದೆ.

ಇನ್ನೊಂದು ತಮಾಷೆ. ನಿನ್ನ ಭಾವನಿಗೆ ಈಗ ಸತ್ಯದ ಹುಚ್ಚು ಹಿಡಿದಿದೆ. ಒಬ್ಬ ಮದುಮಗ ಕಿವಿಯಲ್ಲಿ ಶೇವಿಂಗ್ ನೊರೆ ಇಟ್ಟುಕೊಂಡೇ ಬಂದಿದ್ದ, ಇವರು ಹಾಗೇ ತೆಗೆದು ಹಾಗೇ ಕೊಟ್ಟರು. "ಇದ್ದದ್ದು ಇದ್ದ ಹಾಗೆ" ಅಂತೆ. ನೊರೆ ಬೇರೆ, ಮುಖ ಬೇರೆ ಎಂದು ತಿಳಿಹೇಳುತ್ತಿದ್ದೇನೆ. ನಿಧಾನಕ್ಕೆ ಹತೋಟಿಗೆ ಬರುತ್ತಾರೆ.

ಗೇಟಿನ ಸಾಲಿನಲ್ಲಿ ಕೊನೆಯ ಚೌಕಟ್ಟು ಖಾಲಿ ಬಿಟ್ಟಿದ್ದೇನೆ. ಈ ಬೆಟ್ಟವನ್ನು ನನಗಿಂತ ಮೊದಲು ಹತ್ತಿದವಳು ನೀನು. ಹಿಂದಿನಿಂದ ಅಳುತ್ತಾ ಬಂದವಳು ನಾನು, ಅಕ್ಕ ಎಂಬ ಹೆಸರಿಗೆ. ಬಾ. ಲ್ಯಾಬಿನಲ್ಲಿ ನೀನು ಪರೀಕ್ಷಿಸುವ ರಕ್ತದ ಬಾಟಲಿಗಳು ಎರಡು ದಿನ ನೀನಿಲ್ಲದೆ ಬದುಕುತ್ತವೆ. ಮೇಲಿನ ಕೋಣೆ ಗುಡಿಸಿ ಹಾಸಿಗೆ ಹಾಕಿಟ್ಟಿದ್ದೇನೆ.

ತಣ್ಣಗಿರು, ಗಟ್ಟಿಯಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮೇಲೆ ಒಳ್ಳೆಯ ಬಿಸಿಲು ಬೀಳಲಿ.

ನಿನ್ನ
ಅಕ್ಕ

ತಾ. ಕ.: ಆ ಖಾಲಿ ಚೌಕಟ್ಟಿಗೆ ನಿನ್ನ ಹಳೆಯ ಫೋಟೋ ಒಂದನ್ನು ಹಾಕಿಬಿಡೋಣ ಎಂದು ಮೊದಲು ಹುಡುಕಿದ್ದೆ. ಕಪಾಟು ಪೂರ್ತಿ ಕೆಳಗಿಳಿಸಿದೆ. ಬಂಡೆಯ ಮೇಲೆ ನಾವಿಬ್ಬರೂ ನಿಂತದ್ದು ಸಿಕ್ಕಿತು, ನೀನು ಕೈ ಬೀಸುತ್ತಿದ್ದೀಯ. ಎಲ್ಲದರಲ್ಲೂ ನಿನ್ನ ಮುಖ ಒಂದೇ ಬಣ್ಣ. ಕಂಡಕ್ಟ್ರಮ್ಮನದು ಕ್ಯಾಮೆರಾದಲ್ಲಿ ಉಳಿದಿತ್ತು, ನಿನ್ನದು ಎಲ್ಲೂ ಉಳಿದಿಲ್ಲ. ಅಪ್ಪ ನೆಗೆಟಿವನ್ನೇ ಬ್ಲೇಡಿನ ತುದಿಯಿಂದ ಕೆರೆದುಬಿಟ್ಟಿದ್ದಾರೆ. ಭೂತಗನ್ನಡಿ ಹಿಡಿದರೂ ಎಲ್ಲಿ ಕೆರೆದರೆಂದು ತಿಳಿಯದಷ್ಟು ನಾಜೂಕು. ಪ್ರೀತಿಯಿಂದಲೇ ಮಾಡಿದ್ದು, ಅದೇ ಕಷ್ಟ. ಅಂಥದೇ ಒಂದು ಫೋಟೋ ಹಿಡಿದು ಬಂದ ಗಂಡಿನ ಕಡೆಯವರು ನಮ್ಮ ನಡುಮನೆಯಲ್ಲಿ ಕೂತು, ಈ ಹುಡುಗಿ ಎಲ್ಲಿ ಎಂದು ನಿನ್ನನ್ನೇ ಕೇಳಿದರು. ಆಮೇಲೆ ನೀನು ಊರು ಬಿಟ್ಟೆ. ಅಪ್ಪ ಹೋದಾಗ ಬಂದವಳು ಮುಖಕ್ಕೆ ಸುತ್ತಿದ ಸ್ಕಾರ್ಫ್ ಬಿಚ್ಚಲಿಲ್ಲ. ಗೇಟಿನಲ್ಲಿ "ಯಾರಿವರು?" ಎಂದಾಗ ಎಲ್ಲರೂ ನಕ್ಕರಲ್ಲ, ನನಗೆ ನಗು ಬರಲಿಲ್ಲ.

ನನ್ನ ಮಗಳು ಬಂಡೆಯ ಫೋಟೋ ಹಿಡಿದುಕೊಂಡು, "ಚಿಕ್ಕಮ್ಮ ನಿಜವಾಗ್ಲೂ ಹೇಗಿದ್ದಾರಮ್ಮಾ?" ಎಂದು ಕೇಳಿದಳು. ತೋರಿಸುತ್ತೇನೆ ಇರು ಎಂದು ಬಿಳಿ ಪೆನ್ಸಿಲ್ ತೆಗೆದುಕೊಂಡೆ. ಹಣೆಯ ಮೇಲಿನದನ್ನು ಬರೆದೆ. ಕೆನ್ನೆಯ ಹತ್ತಿರ ಕೈ ನಿಂತುಹೋಯಿತು. ಎಡಗೆನ್ನೆಯೋ ಬಲಗೆನ್ನೆಯೋ, ನನಗೆ ನೆನಪಾಗಲಿಲ್ಲ ಪುಟ್ಟಿ. ನಿನ್ನ ಭಾವನನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ. ಇಬ್ಬರದೂ ಮುಖ ನೋಡುವುದೇ ಕಸುಬು.

ಯಾವ ಕೆನ್ನೆ ಎಂದು ಬರೆದು ತಿಳಿಸಬೇಡ. ಬಂದು ತೋರಿಸು.