ದೀಪ ಹಿಡಿದವಳ ಮೇಲೆ ಸಂಶಯ

ಮನೆ, ಮಹಡಿಯ ಊಟದ ಕೋಣೆ
ಮಾರ್ಚ್ ಹದಿನಾರು, ಭಾನುವಾರ ಬೆಳಗ್ಗೆ

ಪ್ರೀತಿಯ ಮನೆಯೊಡತಿಗೆ,

ನೀನು ಕ್ಷೇಮವೆಂದು ನಂಬಿದ್ದೇನೆ. ಮಂಡಿನೋವು ಹೇಗಿದೆ? ನಿನ್ನ ಅಕ್ಕನ ಮುರಿದ ಕಾಲಿನ ಬಗ್ಗೆಯೂ ಕೇಳಬೇಕಿತ್ತು. ಆದರೆ ನೀನು ಕಳುಹಿಸಿದ ಭಾವಚಿತ್ರವನ್ನು ಭೂತಗನ್ನಡಿಯಿಟ್ಟು ನೋಡಿದ ಮೇಲೆ ಕೇಳುವ ಅಗತ್ಯ ಉಳಿಯಲಿಲ್ಲ. ಏಣಿಯಿಂದ ಬಿದ್ದವರು ಗೇಟಿನ ಬಳಿ ಊರುಗೋಲಿಲ್ಲದೆ ನೆಟ್ಟಗೆ ನಿಂತಿದ್ದಾರೆ. ಹಿಂದೆ ಗೋಡೆಗೆ ಅದೇ ಏಣಿ ಒರಗಿದೆ, ಅದರ ತುದಿಯ ಮೆಟ್ಟಿಲಿನಲ್ಲಿ ಬಣ್ಣದ ಡಬ್ಬಿಯಿದೆ. ಅದನ್ನು ಅಲ್ಲಿಟ್ಟವರು ಯಾರು? ನೀನಾದರೆ ನಿನ್ನ ಮಂಡಿನೋವು ಸುಳ್ಳು, ಅವರಾದರೆ ಅವರ ಕಾಲುನೋವು ಸುಳ್ಳು. ಎರಡರಲ್ಲಿ ಯಾವುದೆಂದು ನಾನು ಹೇಳುವುದಿಲ್ಲ. ಶುಶ್ರೂಷೆಗೆಂದು ಹೋದವಳು ಚಳಿಗಾಲವಿಡೀ ಅಲ್ಲಿಯೇ ಉಳಿದೆ ಎಂಬುದನ್ನಷ್ಟೇ ನೆನಪಿಸುತ್ತೇನೆ.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಮಗನಿಗೆ ಇನ್ನೂ ರಾತ್ರಿಪಾಳಿ. ಹಗಲೆಲ್ಲ ಮಲಗಿರುವುದರಿಂದ ನಾವು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತೇವೆ. ಸೊಸೆ ಹೊಸ ಪರದೆ ಹಾಕಿದ್ದಾಳೆ, ಅದರ ಬಣ್ಣದ ವಿಷಯದಲ್ಲಿ ನಾನು ಬಾಯಿ ಬಿಟ್ಟಿಲ್ಲ. ಇನ್ನು ನಮ್ಮ ಶನಿವಾರದ ಆಟ. ಅದರ ಸುದ್ದಿ ಸ್ವಲ್ಪ ದೀರ್ಘವಾದದ್ದು, ನಿನಗೂ ನೇರವಾಗಿ ಸಂಬಂಧಿಸಿದ್ದು. ಆದ್ದರಿಂದ ಕನ್ನಡಕ ಹಾಕಿಕೊಂಡು ಓದು.

ಹಿಂದಿನ ಗುಹೆಯಾಟ ನೀನು ಆಡಿದ್ದೇ. ಮೊಮ್ಮಗಳು ಸೂತ್ರಧಾರಿಣಿಯಾಗಿ ಕತ್ತಲ ದಾರಿಗಳನ್ನು ವರ್ಣಿಸುತ್ತಿದ್ದಳು, ನಾವು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ ರಾಕ್ಷಸರನ್ನು ಎದುರಿಸುತ್ತಿದ್ದೆವು. ಸೊಸೆ ಕತ್ತಿ ಹಿಡಿದ ವೀರೆ, ಕೆಳಮನೆಯ ಗಡಿಯಾರ ರಿಪೇರಿಯವರು ಕಳ್ಳ, ನಾನು ಪುರೋಹಿತ, ನೀನು ಮಾಟಗಾತಿ. ನಿನ್ನ ಗುರುತಿಗೆ ಮೇಜಿನ ಮೇಲೆ ನೀನು ಹೊಲಿಯುವಾಗ ಬೆರಳಿಗೆ ತೊಡುವ ಹಿತ್ತಾಳೆಯ ಟೊಪ್ಪಿಗೆ ನಿಲ್ಲುತ್ತಿತ್ತು. ಯಾರಾದರೂ ಬಾರದಿದ್ದರೆ ಅವರ ಪಾತ್ರ ಗುಂಪಿನ ಹಿಂದೆ ದೀಪ ಹಿಡಿದು ನಡೆಯುವುದು, ಅದಕ್ಕೆ ಯಾವ ಅಪಾಯವೂ ತಟ್ಟದು ಎಂಬುದು ನಮ್ಮ ಮೇಜಿನ ಪದ್ಧತಿ. ನೀನು ಹೋದ ಮೇಲೆ ಎಷ್ಟೋ ಶನಿವಾರ ಆ ಟೊಪ್ಪಿಗೆ ನಮ್ಮ ಹಿಂದೆ ದೀಪ ಹಿಡಿದುಕೊಂಡೇ ಬಂದಿತು.

ಈಗ ಗುಹೆ ಹೋಯಿತು. ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟು ಹರಿಯುವ ಮೊಮ್ಮಗಳಿಗೆ ದಿನವೂ ನಾಲ್ಕು ಹೊಡೆದಾಟದ ಚಿತ್ರಗಳ ತುಣುಕು ಕಣ್ಣಿಗೆ ಬೀಳುತ್ತದಲ್ಲ, ಹಳೆಯ ನಿಯಮಗಳನ್ನೇ ಅಂಥ ಲೋಕಕ್ಕೆ ಒಗ್ಗಿಸಬೇಕೆಂದು ಹಟ ಹಿಡಿದಳು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವನೆಂದು ನಿಯಮಾವಳಿಯನ್ನು ಬರೆಯುವ ಹೊಣೆ ನನಗೇ ಬಂದಿತು. ಕೆಲಸ ರುಚಿಸಿತೆಂದು ಒಪ್ಪಬೇಕು. ನೆಲಮಾಳಿಗೆಯ ನಿಧಿ ಬ್ಯಾಂಕಿನ ಭದ್ರಕೊಠಡಿಯಾಯಿತು. ದೀಪದ ಎಣ್ಣೆ ಕಾರಿನ ಪೆಟ್ರೋಲಾಯಿತು; ಎರಡೂ ತೀರುವುದು ಅತಿ ಕೆಟ್ಟ ಗಳಿಗೆಯಲ್ಲಿಯೇ. ಅಲೆಮಾರಿ ಭೂತಗಳು ಎದುರಾಗುವವೋ ಇಲ್ಲವೋ ಎಂದು ದಾಳ ಉರುಳಿಸುತ್ತಿದ್ದೆವಲ್ಲ, ಆ ಜಾಗದಲ್ಲಿ ಈಗ ಪೊಲೀಸರ ಗಸ್ತು. ಉಕ್ಕಿನ ಕವಚಕ್ಕೆ ಬದಲು ಕಪ್ಪು ಕನ್ನಡಕ: ಅದನ್ನು ತೆಗೆಯದಿರುವಷ್ಟು ಹೊತ್ತು ಗುಂಡು ತಾಗುವುದು ಕಷ್ಟ. ದಿನಕ್ಕೊಂದೇ ಮಂತ್ರವೆಂಬ ಕಟ್ಟುಪಾಡಿತ್ತಲ್ಲ, ಅದರಂತೆ ಇಲ್ಲಿ ದೃಶ್ಯಕ್ಕೊಂದೇ ಖಡಕ್ ಮಾತು. ಹೇಳಿ ಬೆನ್ನು ತಿರುಗಿಸಿ ನಡೆದರೆ ಹಿಂದೆ ಏನಾದರೊಂದು ಸಿಡಿಯಲೇಬೇಕು. ಗುಹೆಯ ಕೊನೆಯಲ್ಲಿದ್ದ ಘಟಸರ್ಪದ ಜಾಗಕ್ಕೆ ನಾನು ‘ದುಷ್ಟಕೂಟದ ಅಧಿನಾಯಕ’ ಎಂದು ಬರೆದಿದ್ದೆ. “ಅಜ್ಜ, ಅವನ ಹೆಸರು ಓದಿ ಮುಗ್ಸೋದ್ರೊಳಗೆ ನಾವೇ ಸತ್ತಿರ್ತೀವಿ. ಬಾಸ್ ಅಂತ ಬರೀ ಸಾಕು” ಎಂದಳು. ನಾನು ಬರೆಯಲಿಲ್ಲ. ‘ಧಣಿ’ ಎಂಬಲ್ಲಿಗೆ ರಾಜಿಯಾಯಿತು.

ತೊಡಕು ಬಂದದ್ದು ಗೈರುಹಾಜರಾದವರ ನಿಯಮದಲ್ಲಿ. ಬೀದಿದೀಪಗಳಿರುವ ಊರಿನಲ್ಲಿ ದೀಪ ಹಿಡಿಯುವವಳಿಗೇನು ಕೆಲಸ? ಮೊಮ್ಮಗಳು ತೀರ್ಪು ಕೊಟ್ಟೇಬಿಟ್ಟಳು: “ಯಾವ ಪಿಚ್ಚರ್ ಬೇಕಾದ್ರೂ ನೋಡಿ ಅಜ್ಜ, ಬರದೇ ಇದ್ದೋರೇ ಪೊಲೀಸ್ರಿಗೆ ಸುಳಿವು ಕೊಟ್ಟಿರ್ತಾರೆ.” ಹೀಗೆ ಹುಟ್ಟಿದ್ದು ಸಂಶಯದ ಗುಂಡಿ. ದರೋಡೆ ಕೆಟ್ಟಾಗಲೆಲ್ಲ ಕೋಣೆಯ ದೀಪವನ್ನು ಒಂದು ಕ್ಷಣ ಆರಿಸುವುದು; ಯಾರ ಮೇಲೆ ಸಂಶಯವೋ ಅವರ ಗುರುತಿನ ಅಡಿಗೆ ಕತ್ತಲಲ್ಲಿ ಒಂದು ಗುಂಡಿಯನ್ನಿಡುವುದು. ನಿನ್ನ ಹೊಲಿಗೆಡಬ್ಬಿಯ ಕಪ್ಪು ಕೋಟುಗುಂಡಿಗಳೇ ಇದಕ್ಕೆ ಒದಗಿವೆ. ಗುಂಡಿಗಳ ಗೋಪುರ ಕುಸಿದು ಗುರುತು ಉರುಳಿದರೆ ಆ ಪಾತ್ರಕ್ಕೆ ಕೂಟದಿಂದ ಬಹಿಷ್ಕಾರ, ಆ ಕುರ್ಚಿ ಬೇರೆಯವರಿಗೆ.

ಮೊದಲ ಶನಿವಾರ ದೀಪ ಹಚ್ಚಿದಾಗ ನಿನ್ನ ಟೊಪ್ಪಿಗೆ ಒಂದು ಗುಂಡಿಯ ಮೇಲಿತ್ತು. ಎಲ್ಲರೂ ನಕ್ಕರು. ಮರುವಾರ ಇನ್ನೊಂದು, ಅದರ ಮರುವಾರ ಮತ್ತೊಂದು. ಉಳಿದ ಯಾರ ಅಡಿಯಲ್ಲಿಯೂ ಒಂದೇ ಒಂದಿಲ್ಲ! ನಿನ್ನೆಯ ಹೊತ್ತಿಗೆ ನಗು ನಿಂತಿತ್ತು. “ಅತ್ತೆ ಇಲ್ಲಿಲ್ಲ ಅಂತ ಹಿಂಗಾ ಮಾಡೋದು? ಯಾರು ಇಡ್ತಿರೋದು ಹೇಳ್ಬಿಡಿ” ಎಂದು ಸೊಸೆ ಮುಖ ಕೆಂಪಗೆ ಮಾಡಿಕೊಂಡು ಗಡಿಯಾರದವರನ್ನೇ ನೋಡಿದಳು. ಅವರು ಹೌಹಾರಿ, “ನನ್ ಕಡೆ ಯಾಕ್ ನೋಡ್ತೀಯಮ್ಮಾ? ಅಮ್ಮಾವ್ರು ಹೊಲಿದು ಕೊಟ್ಟಿರೋ ಅಂಗಿ ಮೈಮೇಲಿದೆ, ನಾನು ಅಂಥವನಾ?” ಎಂದರು. ಮೇಜಿನ ಸುತ್ತ ಯಾರೂ ಒಪ್ಪಿಕೊಳ್ಳಲಿಲ್ಲ. ಸಂಶಯ ಗಡಿಯಾರದವರ ಮೇಲೆಯೇ ಹರಿಯುವುದು ಸಹಜ. ಕತ್ತಲಲ್ಲಿ ಟೊಪ್ಪಿಗೆಯನ್ನು ಸದ್ದಿಲ್ಲದೆ ಎತ್ತಿ, ಗುಂಡಿಯ ಮೇಲೆ ಗುಂಡಿ ಕೂರಿಸಿ, ಮತ್ತೆ ನಿಲ್ಲಿಸಲು ನಡುಗದ ಬೆರಳು ಬೇಕು. ಸೊಸೆ ಲೋಟ ಇಟ್ಟರೇ ಮೇಜು ಕುಣಿಯುತ್ತದೆ. ಮೊಮ್ಮಗಳು ಗುಂಡಿಯ ಬಳಿ ನಿಂತಿರುತ್ತಾಳೆ, ದೀಪದ ಗುಂಡಿಯ ಬಳಿ ಎಂದು ಓದಿಕೊ. ಇಂದು ಬೆಳಗ್ಗೆ ಗಡಿಯಾರದವರು ಮೆಟ್ಟಿಲಲ್ಲಿ ಸಿಕ್ಕರೂ ಮಾತಾಡದೆ ಹೋದರು.

ಟೊಪ್ಪಿಗೆ ಈಗ ತೆಂಗಿನ ತುದಿಯ ಕಾಗೆಯಂತೆ ವಾಲಿಕೊಂಡು ನಿಂತಿದೆ. ಇನ್ನೊಂದು ಗುಂಡಿಯನ್ನು ಅದು ತಾಳದು. ಮೇಜನ್ನು ಒರೆಸಕೂಡದೆಂದು ಕಟ್ಟಪ್ಪಣೆ ಮಾಡಿದ್ದೇನೆ, ಊಟವನ್ನು ಅಡುಗೆಮನೆಯಲ್ಲಿ ನಿಂತೇ ಮಾಡುತ್ತೇನೆ, ಬೀದಿಯಲ್ಲಿ ಬಸ್ಸು ತಿರುಗಿದಾಗಲೆಲ್ಲ ಬಂದು ನೋಡುತ್ತೇನೆ. ಈ ಕಾಗದವನ್ನೂ ಮೊಣಕೈ ತಾಗದಂತೆ ಮೇಜಿನ ಈ ಅಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಪರಿಹಾರಕ್ಕೆ ನಿಯಮಾವಳಿಯಲ್ಲಿ ಒಂದೇ ದಾರಿಯಿದೆ, ಅದನ್ನು ಸೇರಿಸಿದವನು ನಾನೇ: ಸಂಶಯಕ್ಕೆ ಗುರಿಯಾದವರು ತಮ್ಮ ಕುರ್ಚಿಯಲ್ಲಿ ಬಂದು ಕುಳಿತು, ತಮ್ಮ ಕೈಯಾರೆ ಗುಂಡಿಗಳನ್ನು ತೆಗೆಯಬೇಕು. ಪತ್ರದ ಮೂಲಕ ಸಲ್ಲದು, ಪ್ರತಿನಿಧಿಯೂ ಸಲ್ಲ.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ. ಏಣಿಯನ್ನು ಇನ್ನೊಮ್ಮೆ ಹತ್ತದಿರಲಿ. ಮಗ, ಸೊಸೆ, ಮೊಮ್ಮಗಳು ನಿನ್ನ ಕಾಲಿಗೆರಗಿದ್ದಾರೆ. ಆರೋಗ್ಯ ಜೋಪಾನ.

ನಿನ್ನ,
ಮನೆಯಾತ

ಮರೆತ ಮಾತು, ಸೋಮವಾರ ಬೆಳಗ್ಗೆ: ಅಂಚೆಯವನು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಆ ಗುಂಡಿಗಳನ್ನೆಲ್ಲ ಇಟ್ಟವನು ನಾನು. ಇಲ್ಲಿ ಬೇರೆ ಯಾರಿಗೂ ನಿನ್ನ ಮೇಲೆ ಸಂಶಯವಿಲ್ಲ. ನೀನು ಇನ್ನು ಬರುವುದಿಲ್ಲವೇನೋ ಎಂಬ ಸಂಶಯ ನನಗೊಬ್ಬನಿಗೇ. ಗಡಿಯಾರದವರ ಕ್ಷಮೆ ಕೇಳಬೇಕು, ಒಬ್ಬನೇ ಕೇಳಲು ಧೈರ್ಯವಿಲ್ಲ. ಶನಿವಾರದೊಳಗೆ ಬಾ.